ಆರ್‌ಸಿಯು ಬಳಸುವಾಗ ಲಾಕ್ ಮೊದಲು ಬಿಡಿ, ಆಮೇಲೆ ಕಾಯಿರಿ

ಪುಣೆಯ ಹಿಂಜವಡಿಯಲ್ಲಿ ಕೂತು ಲಿನಕ್ಸ್ ಡ್ರೈವರ್ ಬರೆಯುವ ನಮ್ಮವರಿಗೆ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಇಂದಲ್ಲ ನಾಳೆ ಎದುರಾಗುತ್ತದೆ. 2002ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಈ ವಿಧಾನದಲ್ಲಿ, ಡೇಟಾ ಓದುವ ಕೋಡ್ ಅದಕ್ಕಾಗಿ ಯಾವ ಲಾಕನ್ನೂ (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಕಾಯಬೇಕಿಲ್ಲ. ವೇಗ ಬರುವುದೇ ಅದರಿಂದ. ಆದರೆ ತಿದ್ದುವವರು ಒಬ್ಬರಿಗಿಂತ ಜಾಸ್ತಿ ಇದ್ದರೆ ಅವರ ನಡುವೆ ಲಾಕ್ ಬೇಕೇ ಬೇಕು.

ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲ್ ನೆನೆಸಿಕೊಳ್ಳಿ. ಮಾಲೀಕರು ಹೊಸ ಮೆನು ಕಾರ್ಡ್ ಮಾಡಿಸಿದ್ದಾರೆ. ಈಗ ಬರುವವರಿಗೆ ಹೊಸದೇ ಸಿಗುತ್ತದೆ. ಆಗಲೇ ಕೂತವರ ಕೈಯಿಂದ ಹಳೇ ಕಾರ್ಡ್ ಕಿತ್ತುಕೊಳ್ಳಲು ಆಗುವುದಿಲ್ಲ, ಅಲ್ವಾ? ಅವರು ಎದ್ದು ಹೋದ ಮೇಲೇ ಅದನ್ನು ಎಸೆಯಬೇಕು. ಈ ಕಾಯುವ ಅವಧಿಯೇ ಗ್ರೇಸ್ ಪೀರಿಯಡ್. ಹೊಸದಾಗಿ ಬಂದವರಿಗಾಗಿ ಕಾಯುವ ಅಗತ್ಯವಿಲ್ಲ.

ಕೋಡ್‌ನಲ್ಲಿ ಮೊದಲು ಲಾಕ್ ಹಿಡಿಯಿರಿ. ಹಳೇ ಡೇಟಾದ ನಕಲು ಮಾಡಿ, ನಕಲನ್ನು ತಿದ್ದಿ.

ಆಮೇಲೆ ಆರ್‌ಸಿಯು ಅಸೈನ್ ಪಾಯಿಂಟರ್ ಎಂಬ ಕರೆ ಬಳಸಿ, ಡೇಟಾ ಎಲ್ಲಿದೆ ಎಂದು ತೋರಿಸುವ ಪಾಯಿಂಟರನ್ನು ಹೊಸದಕ್ಕೆ ತಿರುಗಿಸಿ. ಸುಮ್ನೆ ಈಕ್ವಲ್ ಚಿಹ್ನೆ ಹಾಕಿದರೆ, ಡೇಟಾ ಪೂರ್ತಿ ತುಂಬುವ ಮೊದಲೇ ಓದುವವರಿಗೆ ಕಂಡುಬಿಡಬಹುದು.

ಮೂರನೇ ಹೆಜ್ಜೆಗೆ ತುಂಬಾ ಗಮನ ಬೇಕು. ಇಲ್ಲಿ ಲಾಕ್ ಬಿಡಿ. ಬಿಟ್ಟ ಮೇಲೆ, ಗ್ರೇಸ್ ಪೀರಿಯಡ್ ಮುಗಿಯುವವರೆಗೆ ಕಾಯುವ ಸಿಂಕ್ರೊನೈಜ್ ಆರ್‌ಸಿಯು ಕರೆಯಿರಿ. ಅದು ಮುಗಿದಾಗ ಹಳೆಯದರ ಮೆಮೊರಿ ಫ್ರೀ ಮಾಡಿ.

ಲಾಕ್ ಹಿಡಿದೇ ಕಾದರೆ ಏನಾಗುತ್ತದೆ? ಮಾಲೀಕರು ಗಲ್ಲಾಕ್ಕೆ ಬೀಗ ಹಾಕಿ, ಹಳೇ ಕಾರ್ಡಿನವರೆಲ್ಲ ಹೋದ ಮೇಲೆ ತೆಗೆಯುತ್ತೇನೆ ಎಂದಂತೆ. ಬಿಲ್ ಕೊಡದೆ ಗಿರಾಕಿ ಹೋಗುವಂತಿಲ್ಲ. ಗಿರಾಕಿ ಹೋಗದೆ ಗಲ್ಲಾ ತೆರೆಯುವುದಿಲ್ಲ. ಆರ್‌ಸಿಯುನ ಇನ್ನೊಂದು ರೂಪವಾದ ಎಸ್‌ಆರ್‌ಸಿಯುನಲ್ಲಿ (ಸ್ಲೀಪಬಲ್ ಆರ್‌ಸಿಯು) ಸರಿಯಾಗಿ ಹೀಗೇ ಡೆಡ್‌ಲಾಕ್ ಆಗುತ್ತದೆ. ಅಲ್ಲಿ ಓದುವ ಕೋಡ್ ಸ್ಲೀಪ್ ಆಗಬಹುದು, ಹಾಗಾಗಿ ಮಧ್ಯದಲ್ಲಿ ಮ್ಯೂಟೆಕ್ಸ್ (ಸಿಗುವವರೆಗೆ ಮಲಗಿ ಕಾಯುವ ಲಾಕ್) ಕೇಳಬಹುದು. ತಿದ್ದುವವರು ಅದೇ ಮ್ಯೂಟೆಕ್ಸ್ ಹಿಡಿದು ಸಿಂಕ್ರೊನೈಜ್ ಎಸ್‌ಆರ್‌ಸಿಯು ಕರೆದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ.

ಮಾಮೂಲಿ ಆರ್‌ಸಿಯುನಲ್ಲಿ ಓದುವ ಕೋಡ್ ಮ್ಯೂಟೆಕ್ಸ್ ಹಿಡಿಯುವಂತಿಲ್ಲ. ಸ್ಪಿನ್‌ಲಾಕ್ (ಮಲಗದೆ, ಸಿಗುವವರೆಗೆ ಸುತ್ತುತ್ತಲೇ ಕಾಯುವ ಲಾಕ್) ಹಿಡಿಯಬಹುದು. ಹಿಡಿದ ಮೇಲೆ, ಆ ವಸ್ತುವನ್ನು ಅಷ್ಟರಲ್ಲಿ ಯಾರಾದರೂ ಲಿಸ್ಟ್‌ನಿಂದ ತೆಗೆದಿದ್ದಾರಾ ಎಂದು ಒಂದು ಫ್ಲ್ಯಾಗ್ ನೋಡಿ ಖಚಿತ ಮಾಡಿಕೊಳ್ಳಿ. ಇದನ್ನು ಮರೆತರೆ ತೆಗೆದುಹಾಕಿದ ವಸ್ತುವಿನ ಮೇಲೇ ಕೆಲಸ ನಡೆಯುತ್ತದೆ. ಇಂಥ ಬಗ್ ಹುಡುಕುವುದು ಬಹಳ ಕಷ್ಟ.

ತಿದ್ದುವವರು ಸ್ಪಿನ್‌ಲಾಕ್ ಬಿಡುವಂತೆಯೇ ಇಲ್ಲದಿದ್ದರೆ ಕಾಲ್ ಆರ್‌ಸಿಯು ಬಳಸಿ. ಅದು ಕಾಯದೆ ವಾಪಸ್ ಬರುತ್ತದೆ. ಫ್ರೀ ಮಾಡುವ ಕೆಲಸ ಗ್ರೇಸ್ ಪೀರಿಯಡ್ ಮುಗಿದ ಮೇಲೆ ನಡೆಯುತ್ತದೆ. ಟೆಸ್ಟ್ ಮಾಡುವ ಕರ್ನಲ್‌ನಲ್ಲಿ ಲಾಕ್ ಬಳಕೆಯ ತಪ್ಪು ಹಿಡಿಯುವ ಪ್ರೂವ್ ಲಾಕಿಂಗ್ ಆಯ್ಕೆ ಆನ್ ಇರಲಿ.