ಕಲಬುರಗಿ ಬೇಸಿಗೆಯಲ್ಲೂ 82 ಡಿಗ್ರಿ ದಾಟದ ನನ್ನ ಥಿಂಕ್‌ಪ್ಯಾಡ್

"ಸಾಫ್ಟ್‌ವೇರ್‌ಲಿಂದ ಗಾಳಿ ಬರ್ತದೇನ್ರಿ? ಬೋರ್ಡ್ ಹೋಗ್ಯಾದ, ಹೊಸಾದು ತಗೋರಿ" ಎಂದಿದ್ದರು ರಿಪೇರಿಯವರು, ಕಾದು ನಿಧಾನವಾಗುತ್ತಿದ್ದ ನನ್ನ ಲ್ಯಾಪ್‌ಟಾಪನ್ನು ಸಾಫ್ಟ್‌ವೇರ್‌ನಿಂದ ತಣ್ಣಗಿಡಬಹುದಾ ಎಂದು ಕೇಳಿದ್ದಕ್ಕೆ. ಈ ಬೇಸಿಗೆಯಲ್ಲಿ ಅದೇ ಥಿಂಕ್‌ಪ್ಯಾಡ್ ಟಿ480, ಅದೇ ಬೋರ್ಡ್, ಅದೇ ಫ್ಯಾನ್ ಮೇಲೆ ಮದುವೆ ಸೀಸನ್ ಪೂರ್ತಿ ವಿಡಿಯೊಗಳ ರೆಂಡರ್ (ಎಡಿಟ್ ಆದದ್ದನ್ನು ಅಂತಿಮ ಫೈಲ್ ಮಾಡುವ ಕೆಲಸ) ಮುಗಿಸಿದೆ. ಹೊರಗೆ 42 ಡಿಗ್ರಿ, ಅಂಗಡಿಯಲ್ಲಿ ಎಸಿ ಇಲ್ಲ, ಸಿಪಿಯು 82 ದಾಟಲಿಲ್ಲ.

ಹೋದ ವರ್ಷದ ಸ್ಥಿತಿ ಬೇರೆ. ರೆಂಡರ್ ಹಚ್ಚಿದ ಅರ್ಧ ನಿಮಿಷದಲ್ಲಿ 97 ಡಿಗ್ರಿ, ಆಮೇಲೆ ಸಿಪಿಯು ವೇಗ 1.6 ಗಿಗಾಹರ್ಟ್ಸ್‌ಗೆ ಕುಸಿತ, ತಣ್ಣಗಾದರೆ ಮತ್ತೆ ಜಿಗಿತ. ಒಂದು ತಾಸಿನ ವಿಡಿಯೊಗೆ ಸುಮಾರು ಎರಡು ತಾಸು. ಕ್ವಿಕ್‌ಸಿಂಕ್ (ಇಂಟೆಲ್ ಚಿಪ್‌ನೊಳಗಿನ ವೇಗದ ವಿಡಿಯೊ ಎನ್‌ಕೋಡರ್) ಯಾಕೆ ಬಳಸಲ್ಲ ಅಂತ ಕೇಳುವವರು ಇದ್ದೇ ಇರ್ತಾರೆ. ದೊಡ್ಡ ಟಿವಿಯಲ್ಲಿ ದೀಪಾಲಂಕಾರದ ಶಾಟ್ ಹಾಕಿ ನೋಡಿ, ನಾನು ಬಳಸುವ ಎಕ್ಸ್264 ಸಾಫ್ಟ್‌ವೇರ್ ಎನ್‌ಕೋಡರ್‌ಗೂ ಅದಕ್ಕೂ ಇರುವ ವ್ಯತ್ಯಾಸ ಗಿರಾಕಿಗೇ ಕಾಣುತ್ತದೆ.

ಮೊದಲು ದುಡ್ಡು ಸುರಿದೆ. ಕೂಲಿಂಗ್ ಪ್ಯಾಡ್ ಒಂಬೈನೂರು ರೂಪಾಯಿ. ಅದರ ಫ್ಯಾನ್‌ಗಳು ಲ್ಯಾಪ್‌ಟಾಪ್ ಗಾಳಿ ಎಳೆಯುವ ಕಿಂಡಿಯ ಕೆಳಗೆ ಬರಲೇ ಇಲ್ಲ, ಒಂದು ಡಿಗ್ರಿಯೂ ಇಳಿಯಲಿಲ್ಲ. ಹಿಂದಿನ ಅಂಚಿನ ಕೆಳಗೆ ಬಡಗಿ ಹತ್ತಿರ ತಂದ ಒಂದಿಂಚಿನ ಪಟ್ಟಿ ಇಟ್ಟಿದ್ದಕ್ಕೆ ನಾಲ್ಕು ಡಿಗ್ರಿ ಇಳಿಯಿತು, ಅದಕ್ಕೆ ಖರ್ಚಿಲ್ಲ. ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಬದಲಿಸಿದೆ, ಮುನ್ನೂರೈವತ್ತು. ಹಳೆಯದು ಒಣಗಿ ಪುಡಿಯಾಗಿತ್ತು, ಹತ್ತು ಡಿಗ್ರಿ ಸಿಕ್ಕಿತು. ಆದರೆ ಜಿಗಿತ-ಕುಸಿತ ನಿಲ್ಲಲಿಲ್ಲ. ಫ್ಯಾನ್ ವೇಗ ಬದಲಿಸುವ ಸಾಫ್ಟ್‌ವೇರ್ ಸ್ಪೀಡ್‌ಫ್ಯಾನ್ ಉಷ್ಣಾಂಶ ತೋರಿಸಿತು, ಫ್ಯಾನನ್ನೇ ಗುರುತಿಸಲಿಲ್ಲ.

ಸೆನ್ಸರ್‌ಗಳನ್ನು ಓದುವ ಸಾಫ್ಟ್‌ವೇರ್ ಎಚ್‌ಡಬ್ಲ್ಯೂಇನ್ಫೊದಲ್ಲಿ ಎರಡು ಸೆಕೆಂಡಿಗೊಮ್ಮೆ ಲಾಗ್ ಬರೆಸಿ, ಶೀಟಿನಲ್ಲಿ ವ್ಯಾಟ್, ಡಿಗ್ರಿ, ಆರ್‌ಪಿಎಂ (ಫ್ಯಾನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಮೂರನ್ನೂ ಪಕ್ಕಪಕ್ಕ ಇಟ್ಟಾಗ ಗುಟ್ಟು ಬಯಲಾಯಿತು. ಸಿಪಿಯು ಶುರುವಿನಲ್ಲೇ ಮೂವತ್ತರ ಆಸುಪಾಸು ವ್ಯಾಟ್ ಎಳೆಯುತ್ತದೆ, ಫ್ಯಾನ್ ವೇಗ ಹಿಡಿಯುವ ಹೊತ್ತಿಗೆ ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಆಗಲೇ ಬಿಸಿ ತುಂಬಿಕೊಂಡಿರುತ್ತದೆ. ಉರಿ ಎದ್ದ ಮೇಲೆ ಬಾವಿ ತೋಡಿದಂತೆ. ಫ್ಯಾನಿನ ಗರಿಷ್ಠ ವೇಗ ಕಮ್ಮಿಯೇನಲ್ಲ, ಅದು ಎದ್ದೇಳುವ ಹೊತ್ತು ತಡ. ಆಫೀಸಿನಲ್ಲಿ ಸದ್ದಿಲ್ಲದೆ ಕೂರಬೇಕಾದ ಮಷಿನ್‌ಗೆ ಆ ಲೆಕ್ಕ ಸರಿ, ನಮ್ಮೂರಿನ ಮೇ ತಿಂಗಳಿಗಲ್ಲ.

ಥಿಂಕ್‌ಪ್ಯಾಡ್ ಫ್ಯಾನ್ ಹಿಡಿತಕ್ಕೆ ತರುವ ಸಾಫ್ಟ್‌ವೇರ್ ಟಿಪಿಫ್ಯಾನ್‌ಕಂಟ್ರೋಲ್‌ನ ಐಎನ್‌ಐ (ಸೆಟ್ಟಿಂಗ್) ಫೈಲಿನಲ್ಲಿ ಫ್ಯಾನ್ ವೇಗದ ಲೆವೆಲ್‌ಗಳನ್ನು ಹೊಸದಾಗಿ ಬರೆದೆ: 55 ಡಿಗ್ರಿಗೆ ಲೆವೆಲ್ 3, 64ಕ್ಕೆ 5, 73ಕ್ಕೆ 7. ಎರಡು ಹಂತಗಳ ನಡುವೆ ಫ್ಯಾನ್ ಮತ್ತೆಮತ್ತೆ ಏರಿಳಿಯುವುದನ್ನು ತಪ್ಪಿಸಲು ಮಧ್ಯದಲ್ಲಿ ಇನ್ನೆರಡು ಸಾಲು ಇವೆ. ಅವನ್ನು ಕಂಡುಕೊಳ್ಳಲು ವಾರಗಟ್ಟಲೆ ಕೂತಿದ್ದೇನೆ, ಇಲ್ಲಿ ಕೊಡುವುದಿಲ್ಲ. ಒಂದು ಎಚ್ಚರ: ಎಚ್‌ಡಬ್ಲ್ಯೂಇನ್ಫೊ ಕೂಡ ಅದೇ ಎಂಬೆಡೆಡ್ ಕಂಟ್ರೋಲರ್ (ಫ್ಯಾನ್ ನೋಡಿಕೊಳ್ಳುವ ಚಿಪ್) ಓದುತ್ತಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ, ಟಿಪಿಫ್ಯಾನ್ ಓದಲಾಗದೆ ಎರರ್ ಕೊಡುತ್ತದೆ. ಲಾಗ್ ಮುಗಿದ ಮೇಲೆ ಎಚ್‌ಡಬ್ಲ್ಯೂಇನ್ಫೊದಲ್ಲಿ ಆ ಸೆನ್ಸರ್ ಬಂದ್ ಮಾಡಿ.

ಇದರಿಂದ ಅರ್ಧ ಕೆಲಸ. ಉಳಿದರ್ಧ ಥ್ರಾಟಲ್‌ಸ್ಟಾಪ್, ಸಿಪಿಯು ಎಳೆಯುವ ವಿದ್ಯುತ್ತಿಗೆ ಮಿತಿ ಹಾಕುವ ಸಾಫ್ಟ್‌ವೇರ್. ದೀರ್ಘ ಮಿತಿ 18 ವ್ಯಾಟ್, ಅಲ್ಪಾವಧಿ ಮಿತಿ 22. ಹಾಕಿದ ಮಿತಿಯನ್ನು ಬೇರೆ ಡ್ರೈವರ್ ಹಿಂದಿನಿಂದ ಬದಲಿಸುತ್ತಿತ್ತು, ಥ್ರಾಟಲ್‌ಸ್ಟಾಪ್‌ನಲ್ಲೇ ಇರುವ ಎಂಎಂಐಒ ಲಾಕ್ ಟಿಕ್ ಮಾಡಿದ ಮೇಲೆಯೇ ನಿಂತಿತು. ಅಂಡರ್‌ವೋಲ್ಟ್ (ಸಿಪಿಯುಗೆ ಕೊಡುವ ವೋಲ್ಟೇಜ್ ತಗ್ಗಿಸುವುದು) ಮೈನಸ್ 80 ಮಿಲಿವೋಲ್ಟ್‌ನಲ್ಲಿ ಗಟ್ಟಿ. ಮೈನಸ್ 105ಕ್ಕೆ ಇಳಿಸಿದಾಗ ಆರತಕ್ಷತೆಯ ರೆಂಡರ್ ಮುಕ್ಕಾಲು ಆದಮೇಲೆ ನೀಲಿ ಪರದೆ ಬಂತು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ (ವೋಲ್ಟೇಜ್ ಬದಲಿಸಿ ಇಂಟೆಲ್ ಚಿಪ್‌ನ ಭದ್ರತೆ ಮುರಿಯುವ) ದೋಷ ಹೊರಬಿದ್ದ ನಂತರ ಎಷ್ಟೋ ಮಷಿನ್‌ಗಳ ಬಯೋಸ್‌ನಲ್ಲಿ ಅಂಡರ್‌ವೋಲ್ಟ್‌ನ ಬಾಗಿಲು ಮುಚ್ಚಿದೆ. ನಿಮ್ಮದರಲ್ಲಿ ಆಗದಿದ್ದರೆ ವ್ಯಾಟ್ ಮಿತಿಯೊಂದರಿಂದಲೇ ಬಹಳ ಸಿಗುತ್ತದೆ.

ಈಗ ಸಿಪಿಯು ವೇಗ 2.6–2.7 ಗಿಗಾಹರ್ಟ್ಸ್‌ನಲ್ಲಿ ಅಲುಗಾಡದೆ ನಿಲ್ಲುತ್ತದೆ, ಎರಡು ತಾಸಿನ ರೆಂಡರ್ ಒಂದೂಕಾಲು ತಾಸಿಗೆ ಬಂದಿದೆ. ಕಮ್ಮಿ ವ್ಯಾಟ್ ಕೊಟ್ಟು ಹೆಚ್ಚು ಕೆಲಸ ತೆಗೆದದ್ದು ನನಗೆ ಹೆಮ್ಮೆಯ ವಿಷಯ. ಹೊಸ ಲ್ಯಾಪ್‌ಟಾಪ್‌ಗೆ ಕೇಳಿದ್ದು ಅರವತ್ತು ಸಾವಿರ, ನನಗೆ ಬಿದ್ದದ್ದು ಪ್ಯಾಡ್ ಸೇರಿ ಸಾವಿರದ ಮುನ್ನೂರರೊಳಗೆ.

ಮನೆಯ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230ರಲ್ಲಿ ಲಿನಕ್ಸ್ ಇದೆ. ಅಲ್ಲಿ ಥಿಂಕ್‌ಪ್ಯಾಡ್_ಎಸಿಪಿಐ ಡ್ರೈವರ್‌ಗೆ ಫ್ಯಾನ್_ಕಂಟ್ರೋಲ್=1 ಕೊಟ್ಟು ಥಿಂಕ್‌ಫ್ಯಾನ್ ಎಂಬ ಫ್ಯಾನ್ ಸಾಫ್ಟ್‌ವೇರ್ ಓಡಿಸಿದೆ. ಲೆವೆಲ್ 7ರ ಮೇಲೂ ಡಿಸ್‌ಎಂಗೇಜ್ಡ್ ಅಂತ ಒಂದಿದೆ, ಕಂಟ್ರೋಲರ್‌ನ ಹಿಡಿತವಿಲ್ಲದೆ ಫ್ಯಾನ್ ತಿರುಗುತ್ತದೆ. ಕೂಲರ್ ಹಾಕಿದ ಕೋಣೆಯಲ್ಲೂ ಸದ್ದು ಕೇಳುತ್ತದೆ, ಇಳಿಯುವುದು ಎರಡೋ ಮೂರೋ ಡಿಗ್ರಿ. ಅಷ್ಟಕ್ಕಾಗಿ ಬೇರಿಂಗ್ ಸವೆಸುವುದು ಬೇಡ ಎನಿಸಿ ಬಿಟ್ಟೆ.

ಬೇರೆ ಕಂಪನಿಯ ಮಷಿನ್ ಇರುವವರು ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ ಸಾಫ್ಟ್‌ವೇರ್ ನೋಡಬಹುದು. ಅದರ ಪ್ರೊಫೈಲ್ (ಸೆಟ್ಟಿಂಗ್ ಫೈಲ್) ಮಾತ್ರ ನಿಮ್ಮ ಮಾಡೆಲ್‌ನದ್ದೇ ಆಗಿರಲಿ. ಕಂಟ್ರೋಲರ್‌ನ ತಪ್ಪು ರಿಜಿಸ್ಟರ್‌ಗೆ (ಚಿಪ್‌ನೊಳಗಿನ ಮೆಮೊರಿ ಜಾಗಕ್ಕೆ) ಬರೆದರೆ ಫ್ಯಾನ್ ನಿಂತೇ ಹೋಗಬಹುದು. ಮೊದಲ ದಿನ ರೆಂಡರ್ ಹಚ್ಚಿ ಎದ್ದು ಹೋಗಬೇಡಿ, ಆರ್‌ಪಿಎಂ ನೋಡುತ್ತಾ ಪಕ್ಕದಲ್ಲೇ ಕೂತಿರಿ.