ಕಡಿಮೆ ಓಡಿದ ಎಂಜಿಬಿ ಕಾರನ್ನು ಮಲೆನಾಡಿನಲ್ಲಿ ಕೊಳ್ಳುವ ಮುನ್ನ

1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರೊಂದು ತೀರ್ಥಹಳ್ಳಿಯ ಕಡೆ ಮಾರಾಟಕ್ಕಿದ್ದರೆ, ಮೀಟರಿನ ಅಂಕಿಗಿಂತ ಮೊದಲು ಅದರ ಅಡಿಭಾಗವನ್ನು ನೋಡಬೇಕು. ಈ ಕಾರಿಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲದಿರುವುದರಿಂದ ಬಾಗಿಲ ಕೆಳಗಿನ ಉದ್ದನೆಯ ತಗಡಿನ ಭಾಗಗಳೇ ಬಹುಪಾಲು ಭಾರ ಹೊರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಅವು ಒಳಗಿನಿಂದ ತುಕ್ಕು ಹಿಡಿದಿದ್ದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರಬಹುದು. ಆದ್ದರಿಂದ ತೆಳುಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಅಲ್ಲಿ ಆಡಿಸಿ, ಅದು ಅಂಟದ ಕಡೆ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿದಿರಬಹುದೆಂದು ಶಂಕಿಸಬೇಕು. ಕಡಿಮೆ ಓಡಿದೆ ಎಂಬುದು, ನನ್ನ ದೃಷ್ಟಿಯಲ್ಲಿ, ಅರ್ಧ ಹೊಗಳಿಕೆ ಮಾತ್ರ: ನಿಂತೇ ಇದ್ದ ಕಾರಿನಲ್ಲಿ ಬ್ರೇಕಿನ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಐದಂಕಿಯ ಮೀಟರು 99,999 ಮೈಲಿಯ ನಂತರ ಸೊನ್ನೆಗೆ ಮರಳುವುದರಿಂದ, ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ಬರೆದಿರುವ ಮೈಲಿಯನ್ನು ದಿನಾಂಕವಾರು ತಾಳೆ ನೋಡಿದ ಮೇಲೆಯೇ ಬೆಲೆಯ ಮಾತು ಎತ್ತಬೇಕು.