ಎರಡು ವಾಟ್ಸಾಪ್ ನಂಬರ್, ಒಂದೇ ಫೈರ್‌ಫಾಕ್ಸ್: ನಮ್ಮ ಅಂಗಡಿಯ ಲಿನಕ್ಸ್ ಕಥೆ

"ಲಿನಕ್ಸ್ ಹಾಕಿದರೆ ಅಂಗಡಿ ಬಾಗಿಲು ಹಾಕಬೇಕಾಗುತ್ತೆ" ಅಂದಿದ್ದ ನಮ್ಮ ಭಾವ ಹೋದ ವಾರ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. "ಇದಕ್ಕೂ ಅದನ್ನೇ ಹಾಕಿಕೊಡೋ" ಅಂದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರಿನಲ್ಲಿ ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಮೂರು ಹಳೇ ಕಂಪ್ಯೂಟರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಹೊಸದು ಕೇಳಿದರೆ ಮೂರಕ್ಕೆ ಲಕ್ಷದ ಮೇಲೆ ಹೇಳಿದರು. ನಾನು ಎರಡಕ್ಕೆ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹಾಕಿಸಿ ಲಿನಕ್ಸ್ ಮಿಂಟ್ ಇಳಿಸಿದೆ (ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ವ್ಯವಸ್ಥೆ ಲಿನಕ್ಸ್, ಅದರದೊಂದು ಬಗೆ ಮಿಂಟ್). ಒಟ್ಟು ಐದು ಸಾವಿರದ ಆಸುಪಾಸು ಆಯಿತು. ಮೂರನೆಯದು ಇನ್ನೂ ವಿಂಡೋಸಲ್ಲೇ ಇದೆ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಎರಡೂ ಅದಕ್ಕೇ. ಲಿನಕ್ಸಲ್ಲಿ ಅವುಗಳ ಜೊತೆ ಮೂರು ರಾತ್ರಿ ಗುದ್ದಾಡಿ ಕೈಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅಂಗಡಿಯವನಿಗೆ ಇಂಟರ್ನೆಟ್ ಅಂದರೆ ಮೊದಲು ವಾಟ್ಸಾಪ್. ಆಧಾರ್, ಫೋಟೊ, ಮದುವೆ ಕಾರ್ಡಿನ ಮ್ಯಾಟರು, ಎಲ್ಲ ಅದರಲ್ಲೇ ಬರುತ್ತೆ. ನಮಗೆ ಎರಡು ನಂಬರ್, ಡಿಟಿಪಿಗೆ ಒಂದು, ಅರ್ಜಿಗೆ ಒಂದು. ಲಿನಕ್ಸ್‌ಗೆ ಅಂತ ವಾಟ್ಸಾಪ್‌ನವರದೇ ಆಪ್ ಇಲ್ಲ, ಯಾರ‍್ಯಾರೋ ಮಾಡಿದ್ದನ್ನು ಹಾಕಿ ನೋಡಿದೆ. ಒಂದರಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿ. ಇನ್ನೊಂದರಲ್ಲಿ ಫೈಲ್ ಎಲ್ಲಿ ಇಳಿಯಿತು ಅನ್ನೋದೇ ಗೊತ್ತಾಗಲಿಲ್ಲ. ಕೊನೆಗೆ ಗೆದ್ದದ್ದು ಬ್ರೌಸರಿನಲ್ಲೇ ತೆರೆಯುವ ವಾಟ್ಸಾಪ್ ವೆಬ್, ಜೊತೆಗೆ ಫೈರ್‌ಫಾಕ್ಸ್ ಬ್ರೌಸರಿನ ಮಲ್ಟಿ-ಅಕೌಂಟ್ ಕಂಟೇನರ್ಸ್ ಆಡ್-ಆನ್. ಒಂದೊಂದು ಕಂಟೇನರಿಗೆ ಬೇರೆ ಬೇರೆ ಕುಕಿ (ಲಾಗಿನ್ ನೆನಪಿಡುವ ಮಾಹಿತಿ), ಬೇರೆ ಬಣ್ಣ. ಹಾಗಾಗಿ ಎರಡೂ ನಂಬರ್ ಒಟ್ಟಿಗೇ ತೆರೆದಿರುತ್ತೆ. ಹಸಿರು ಟ್ಯಾಬ್ ಡಿಟಿಪಿ, ಕೇಸರಿ ಟ್ಯಾಬ್ ಅರ್ಜಿ. ಖರ್ಚು ಸೊನ್ನೆ.

ಇಲ್ಲೂ ಎರಡು ಸಲ ಮುಗ್ಗರಿಸಿದೆ. ಗಿರಾಕಿಗಳ ಲಾಗಿನ್ ಉಳಿಯಬಾರದು ಅಂತ, ಫೈರ್‌ಫಾಕ್ಸ್ ಮುಚ್ಚಿದಾಗ ಕುಕಿ ಅಳಿಸು ಅಂತ ಕೊಟ್ಟಿದ್ದೆ. ದಿನಾ ಬೆಳಿಗ್ಗೆ ವಾಟ್ಸಾಪ್ ಕೂಡ ಲಾಗೌಟ್! ಈಗ ಫೈರ್‌ಫಾಕ್ಸಿನಲ್ಲಿ ಎರಡು ಪ್ರೊಫೈಲ್, ಅಂದರೆ ಬೇರೆ ಬೇರೆ ಸೆಟ್ಟಿಂಗಿನ ಎರಡು ಖಾತೆ ಇದ್ದ ಹಾಗೆ, ಇಟ್ಟಿದ್ದೇನೆ. ಗಿರಾಕಿಯದು ಮುಚ್ಚಿದರೆ ಎಲ್ಲ ಅಳಿಯುತ್ತೆ, ನಮ್ಮದು ಉಳಿಯುತ್ತೆ. ಎರಡನೇ ಸಲ ಮುಗ್ಗರಿಸಿದ್ದು ಒಂದು ನಂಬರಿನ ಫೋನು ಡ್ರಾಯರಿನಲ್ಲಿ ಆಫ್ ಆಗಿ ಬಿದ್ದಿದ್ದರಿಂದ. ಫೋನಲ್ಲಿ 14 ದಿನಕ್ಕಿಂತ ಜಾಸ್ತಿ ವಾಟ್ಸಾಪ್ ತೆರೆಯದಿದ್ದರೆ ಕಂಪ್ಯೂಟರಿನ ಜೋಡಣೆ ಕಳಚಿಬಿಡುತ್ತೆ. ಅದು ಕಳಚಿದ್ದು ಮದುವೆ ಸೀಸನ್ನಿನ ಸೋಮವಾರ, ಅಂಗಡಿ ತುಂಬ ಜನ. ಎರಡು ಕಾರ್ಡಿನ ಕೆಲಸ ಎದುರಿನ ಅಂಗಡಿಗೆ ಹೋಯಿತು, ಏನಿಲ್ಲ ಅಂದರೂ ನಾಲ್ಕು ಸಾವಿರ.

ಮೇಲ್‌ಗೆ ಥಂಡರ್‌ಬರ್ಡ್ ಅನ್ನೋ ಆಪ್. ಶುರುವಿನಲ್ಲಿ ಪಿಒಪಿ (ಮೇಲ್ ಕಂಪ್ಯೂಟರಿಗೇ ಇಳಿಸಿಕೊಳ್ಳುವ ವಿಧಾನ) ಹಾಕಿದೆ, ಮೇಲ್‌ಬಾಕ್ಸ್ ತುಂಬಿತ್ತು ಅಂತ "ಸರ್ವರಿನಲ್ಲಿ ಉಳಿಸು" ಅನ್ನೋ ಟಿಕ್ ತೆಗೆದೆ. ಅರ್ಧ ಮೇಲ್ ಒಂದು ಕಂಪ್ಯೂಟರಿಗೆ, ಅರ್ಧ ಇನ್ನೊಂದಕ್ಕೆ. ಗಿರಾಕಿ "ಕಳಿಸಿದೀನಿ ಅಣ್ಣ" ಅಂತಾನೆ, ನಾನು "ಬಂದಿಲ್ಲ ಕಣಪ್ಪ" ಅಂತೀನಿ, ಇಬ್ಬರೂ ಹೇಳಿದ್ದು ನಿಜ. ಮೇಲ್ ಸರ್ವರಿನಲ್ಲೇ ಉಳಿದು ಎಲ್ಲ ಕಂಪ್ಯೂಟರಿಗೂ ಕಾಣುವ ಐಮ್ಯಾಪ್‌ಗೆ ಬದಲಾಯಿಸಿದ ಮೇಲೆ ಆ ಜಗಳ ನಿಂತಿತು. ಹಳೇ ನುಡಿ ಫಾಂಟಿನಲ್ಲಿ ಬರುವ ಫೈಲುಗಳಿಗೆ ಆ ಫಾಂಟನ್ನೇ ಕಾಪಿ ಮಾಡಿ ಹಾಕಿಕೊಂಡೆ. ಟೈಪಿಂಗಿಗೆ ಐಬಸ್‌ನಲ್ಲಿ (ಲಿನಕ್ಸಿನಲ್ಲಿ ಭಾಷೆಯ ಕೀಲಿಮಣೆ ಹಾಕಿಕೊಳ್ಳುವ ಆಪ್) ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ಬೆರಳಿಗೆ ಹೊಸದು ಕಲಿಸಬೇಕಾಗಲಿಲ್ಲ.

ನಡುವೆ ಒಂದು ಹುಚ್ಚು. ಅಂಗಡಿ ಒಳಗೇ ಚಾಟ್ ಸರ್ವರ್ ನಿಲ್ಲಿಸಿ, ಎರಡೂ ಲಿನಕ್ಸ್ ಕಂಪ್ಯೂಟರಿಗೆ ಪಿಜಿನ್ ಅನ್ನೋ ಚಾಟ್ ಆಪ್ ಹಾಕಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ನಮ್ಮ ಹುಡುಗ ಕೂರೋದು ನನ್ನಿಂದ ಎಂಟು ಅಡಿ ದೂರ. ಮೆಸೇಜ್ ಕಳಿಸಿ "ನೋಡೋ" ಅಂತ ಕೂಗುತ್ತಿದ್ದೆ. ತೆಗೆದು ಹಾಕಿ, ಮಿಂಟ್ ಜೊತೆಗೇ ಬರುವ, ಕಂಪ್ಯೂಟರಿಂದ ಕಂಪ್ಯೂಟರಿಗೆ ಫೈಲ್ ಕಳಿಸುವ ವಾರ್ಪಿನೇಟರ್ ಶುರು ಮಾಡಿದೆ. ಆ ಎರಡು ಕಂಪ್ಯೂಟರಿನ ನಡುವೆ ಪೆನ್‌ಡ್ರೈವ್ ಓಡಾಟ ನಿಂತಿತು, ಜೊತೆಗೆ ವೈರಸ್ ಕಾಟವೂ.

ವಿಡಿಯೊ ಕಾಲ್‌ಗೆ ಬ್ರೌಸರಿನಲ್ಲೇ ಜಿಟ್ಸಿ ಸಾಕು. ದನಿ ಹೋಗುತ್ತಿಲ್ಲ ಅಂದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಮೈಕ್ ಆಯ್ಕೆಯಾಗಿರುತ್ತೆ, ಮೈಕ್, ಸ್ಪೀಕರ್ ಆರಿಸುವ ಪಾವುಕಂಟ್ರೋಲ್ ಆಪ್ ತೆರೆದು ನೋಡಿ.

ವಾಟ್ಸಾಪಿನಿಂದ ಇಳಿದ ಫೈಲು ಆಧಾರ್ ಒಂದು ಕಡೆ, ಫೋಟೊ ಒಂದು ಕಡೆ ಅಂತ ತಾನಾಗೇ ಬೇರೆಯಾಗಲಿ ಅಂತ ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಅದನ್ನು ಇಲ್ಲಿ ಹಾಕಲ್ಲ, ಎದುರಿನ ಅಂಗಡಿಯವನೂ ಇದನ್ನು ಓದಬಹುದು.

ಭಾವನ ಲ್ಯಾಪ್‌ಟಾಪಿಗೂ ಇಷ್ಟನ್ನೇ ಹಾಕಿಕೊಟ್ಟೆ. ಐನೂರು ಕೊಟ್ಟರು, ಬೇಡ ಅನ್ನಲಿಲ್ಲ.